ಜತೆಗೆ ಬರುವವರು ಯಾರು?

ಮಂಡಕ್ಕಿ ಭಟ್ಟಿಯಲ್ಲಿ ಮೂವತ್ತು ವರ್ಷ ದುಡಿದ ಕೈಯನ್ನು ಹತ್ತಿರದಿಂದ ನೋಡಿದ್ದೀರಾ? ಬೆರಳ ತುದಿ ಸವೆದ ನಾಣ್ಯದ ಹಾಗೆ ನುಣ್ಣಗಿರುತ್ತದೆ. ಕಾದ ಮರಳು, ಜರಡಿಯ ಅಂಚು, ಒಲೆಗೆ ಸುರಿಯುವ ಹೊಟ್ಟು, ಗೋಣಿಚೀಲದ ನಾರು ಎಲ್ಲ ಸೇರಿ ಹುಟ್ಟಿನಿಂದ ಬಂದ ಗೆರೆಗಳನ್ನು ಅಳಿಸಿಬಿಟ್ಟಿರುತ್ತವೆ. ಅಂಥ ಕೈಯ ಒಬ್ಬ ಅಜ್ಜಿಯ ಪಕ್ಕದಲ್ಲಿ ಒಂದು ಬೆಳಿಗ್ಗೆ ನಾನು ದಾವಣಗೆರೆಯ ಒಂದು ಸೇವಾ ಕೇಂದ್ರದಲ್ಲಿ ನಿಂತಿದ್ದೆ. ನಿಂತುಹೋಗಿದ್ದ ಪಿಂಚಣಿಯನ್ನು ಮತ್ತೆ ಹಚ್ಚಿಸಿಕೊಳ್ಳಲು ಆಕೆ ಬಂದಿದ್ದರು. ಅಜ್ಜಿ ಹೆಬ್ಬೆರಳನ್ನು ಯಂತ್ರದ ಮೇಲಿಟ್ಟರು. ಕೆಂಪು ದೀಪ. ಸೆರಗಿನಿಂದ ಬೆರಳು ಒರೆಸಿಕೊಂಡು ಮತ್ತೆ ಇಟ್ಟರು. ಮತ್ತೆ ಕೆಂಪು. ಬಾಯಿಂದ ಬಿಸಿಯುಸಿರು ಊದಿ ಮೂರನೇ ಸಲ ಒತ್ತಿದರು. ಕಂಪ್ಯೂಟರ್ ಮುಂದಿದ್ದ ಹುಡುಗ ಒಳ್ಳೆಯವನೇ, ಗದರಲಿಲ್ಲ. "ಬೆರಳು ತಗಳ್ತಿಲ್ಲ ಅಜ್ಜಿ. ಆಧಾರ್ ಅಪ್‌ಡೇಟ್ ಮಾಡಿಸ್ಕಂಡು, ಆಮೇಲೆ ಬ್ಯಾಂಕಿಗೆ ಹೋಗಿ ಲಿಂಕ್ ಆಗೈತಾ ಕೇಳಿ, ಆಮೇಲೆ ತಾಲ್ಲೂಕು ಆಫೀಸಿಗೆ ಹೋಗು" ಅಂದ. ಅಜ್ಜಿ ಒಂದೊಂದಕ್ಕೂ ತಲೆಯಾಡಿಸಿದರು. ಹೊರಗೆ ಬಂದ ಮೇಲೆ ನನ್ನನ್ನು ಕೇಳಿದ್ದು ಒಂದೇ ಮಾತು: "ನೀವೂ ಜತಿಗೆ ಬರ್ತೀರೇನ್ರೀ?"

ವಯಸ್ಸಾದ ಬಡವರಿಗೆ ಸರ್ಕಾರ ಏನೇನು ಕೊಡುತ್ತದೆ ಎಂಬ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಕೈಪಿಡಿಗಳಿವೆ, ಗೋಡೆ ಬರಹಗಳಿವೆ, ಅಕ್ಟೋಬರ್ 1ರ ಹಿರಿಯ ನಾಗರಿಕರ ದಿನದ ಭಾಷಣಗಳಿವೆ. ಆ ಪಟ್ಟಿಗೂ ಅಜ್ಜಿಯ ಸೆರಗಿನ ಗಂಟಿಗೂ ನಡುವೆ ಇರುವ ದಾರಿಯನ್ನು ಯಾರೂ ಬರೆದಿಟ್ಟಿಲ್ಲ. ಆ ದಾರಿಯನ್ನು ದಾವಣಗೆರೆ ಮತ್ತು ಹರಿಹರದ ನೆಲದ ಮೇಲೆ ನಿಂತು ಒಮ್ಮೆ ಉದ್ದಕ್ಕೂ ನೋಡಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ದಾರಿ ಕೊನೆಗೆ ಮುಟ್ಟುವುದು ಕರೂರು ಕೈಗಾರಿಕಾ ಪ್ರದೇಶಕ್ಕೆ. ಪಿ.ಬಿ. ರಸ್ತೆಯ ಈ ಪ್ರದೇಶದಲ್ಲೇ ಜಿಲ್ಲಾಡಳಿತ ಭವನ ಇದೆ. ಜನರ ಬಾಯಲ್ಲಿ ಅದು ಡಿ.ಸಿ. ಆಫೀಸು. ದಾವಣಗೆರೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು. ಹೊಸ ಜಿಲ್ಲೆಗೆ ಹೊಸ ಕಚೇರಿ ಬೇಕಾಯಿತು, ವಿಶಾಲವಾದ ಕಟ್ಟಡ ಎದ್ದಿತು. ಒಂದೇ ಸೂರಿನಡಿ ಹಲವು ಇಲಾಖೆ ಸಿಗುವುದು ಅನುಕೂಲವೇ ಸರಿ. ಆದರೆ ಮಂಡಿನೋವಿನ ಮುದುಕಿಗೆ ಆ ಸೂರು ಊರ ನಡುವಿನಿಂದ ಎಷ್ಟು ದೂರ ಅನ್ನುವುದೇ ಮೊದಲ ಪ್ರಶ್ನೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಬಸ್ಸಿನ ದುಡ್ಡು ಉಳಿಯಿತು. ಬಸ್ಸಿನ ಮೆಟ್ಟಿಲು ಮಾತ್ರ ಅಷ್ಟೇ ಎತ್ತರ ಇದೆ. ಬಸ್ ಇಳಿದು ಗೇಟಿನಿಂದ ಒಳಬಾಗಿಲವರೆಗಿನ ಬಿಸಿಲೂ ಹಾಗೇ ಇದೆ.

ಇಲ್ಲಿನ ಮುದುಕರು ಯಾರು ಎಂದು ಮೊದಲು ತಿಳಿಯಬೇಕು. ದಾವಣಗೆರೆಯನ್ನು ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರು. ಕಾಟನ್ ಮಿಲ್ಲುಗಳು ಊರನ್ನು ಬೆಳೆಸಿದವು, ಆಮೇಲೆ ಒಂದೊಂದಾಗಿ ಬಾಗಿಲು ಹಾಕಿದವು. ದಾವಣಗೆರೆ ಕಾಟನ್ ಮಿಲ್‌ನ ಹೆಸರು ಇಂದು ಡಿಸಿಎಂ ಟೌನ್‌ಶಿಪ್ ಎಂಬ ಬಡಾವಣೆಯ ಹೆಸರಾಗಿ ಉಳಿದಿದೆ. ಹದಿನಾಲ್ಕು ಕಿಲೋಮೀಟರ್ ಆಚೆ, ತುಂಗಭದ್ರೆಯ ದಡದ ಹರಿಹರದಲ್ಲಿ 1941ರಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್ ದೇಶಕ್ಕೆಲ್ಲ ಲೇತ್ ಮಾಡಿಕೊಡುತ್ತಿತ್ತು. ಈ ಶತಮಾನದ ಹೊಸ್ತಿಲಲ್ಲಿ ಅದೂ ಮುಚ್ಚಿತು. ಹೊಳೆಯಾಚೆ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಇದೆ. ಹೆಸರು ಹರಿಹರದ್ದು, ಕಾರ್ಖಾನೆಯ ನೆಲ ಹಾವೇರಿ ಜಿಲ್ಲೆಯದು. ಇವುಗಳ ಜತೆಗೆ ಅಕ್ಕಿ ಗಿರಣಿ, ಎಣ್ಣೆ ಮಿಲ್ಲು, ಎಪಿಎಂಸಿ ಹಮಾಲಿ, ಬೀಡಿ, ಮಂಡಕ್ಕಿ ಭಟ್ಟಿ, ಕರೂರಿನಂಥ ಕೈಗಾರಿಕಾ ಪ್ರದೇಶಗಳ ಸಣ್ಣ ಶೆಡ್ಡುಗಳು. ಇಲ್ಲಿ ದುಡಿದವರ ಮುಪ್ಪು ಒಂದೇ ಬಗೆಯದಲ್ಲ. ಯಾವ ಗೇಟಿನೊಳಗೆ ದುಡಿದರು ಎಂಬುದರ ಮೇಲೆ ಅವರ ಕೈಯಲ್ಲಿ ಇವತ್ತು ಯಾವ ಕಾಗದ ಇದೆ ಎಂಬುದು ನಿಂತಿದೆ.

ಕಾಗದ ಇದ್ದವರಿಂದಲೇ ಶುರು ಮಾಡೋಣ. ಪಿ.ಎಫ್. ಹಿಡಿದ ಕಾರ್ಖಾನೆಯಲ್ಲಿ ಹತ್ತು ವರ್ಷ ದುಡಿದವರಿಗೆ 1995ರ ನೌಕರರ ಪಿಂಚಣಿ ಯೋಜನೆಯಡಿ 58ರಿಂದ ಪಿಂಚಣಿ ಸಿಗುತ್ತದೆ. ಅದರ ಕನಿಷ್ಠ ಮೊತ್ತವನ್ನು 2014ರ ಸೆಪ್ಟೆಂಬರ್‌ನಲ್ಲಿ ತಿಂಗಳಿಗೆ 1,000 ರೂಪಾಯಿ ಎಂದು ನಿಗದಿ ಮಾಡಿದರು. ಆ ದಿನದಿಂದ ಅಕ್ಕಿ, ಬೇಳೆ, ಮಾತ್ರೆಗಳ ಬೆಲೆ ಎಲ್ಲಿಗೆ ಹೋಯಿತು ಎಂದು ಓದುಗರಿಗೆ ಹೇಳಬೇಕಿಲ್ಲ. ಇನ್ನೊಂದು ಕಡೆ, ಕರ್ನಾಟಕ ಸರ್ಕಾರ 2007ರಲ್ಲಿ ತಂದ ಸಂಧ್ಯಾ ಸುರಕ್ಷಾ ಯೋಜನೆ 65 ದಾಟಿದ ಬಡವರಿಗೆ ಈಗ ತಿಂಗಳಿಗೆ 1,200 ರೂಪಾಯಿ ಕೊಡುತ್ತದೆ. ಶುರುವಿನಲ್ಲಿ ಅದು 400 ಇತ್ತು. ಬೇರೆ ಪಿಂಚಣಿ ಬರುತ್ತಿದ್ದರೆ ಸಂಧ್ಯಾ ಸುರಕ್ಷಾ ಸಿಗದು ಎಂಬ ನಿಯಮವಿದೆ. ಹೀಗಾಗಿ ತನ್ನ ಸಂಬಳದಿಂದ ತಿಂಗಳು ತಿಂಗಳು ಪಿ.ಎಫ್. ಕಟ್ಟಿ 1,000 ಪಡೆಯುವ ಮಿಲ್ಲಿನ ಕಾರ್ಮಿಕ, ಏನನ್ನೂ ಕಟ್ಟದೆ 1,200 ಪಡೆಯುವ ಪಕ್ಕದ ಮನೆಯವನಿಗಿಂತ 200 ರೂಪಾಯಿ ಹಿಂದೆ ಉಳಿಯುತ್ತಾನೆ. ಪಕ್ಕದ ಮನೆಯವನಿಗೆ ಸಿಗುವುದು ಹೆಚ್ಚಾಯಿತು ಎಂದು ನಾನು ಹೇಳುತ್ತಿಲ್ಲ, ಇಬ್ಬರಿಗೂ ಸಾಲದು. ದೆಹಲಿಯ ಪಾಲು ಇನ್ನೂ ಸಣ್ಣದು. ಇಂದಿರಾ ಗಾಂಧಿ ವೃದ್ಧಾಪ್ಯ ವೇತನದಲ್ಲಿ ಕೇಂದ್ರ 60ರಿಂದ 79ರವರೆಗಿನವರಿಗೆ ಕೊಡುವುದು 200 ರೂಪಾಯಿ, 80 ದಾಟಿದವರಿಗೆ 500. ಆ 200 ಎಂಬ ಅಂಕಿ 2007ರಿಂದ ಕದಲಿಲ್ಲ. ಉಳಿದದ್ದನ್ನು ರಾಜ್ಯ ತುಂಬುತ್ತದೆ.

ಈಗ ಒಂದು ಸೌಲಭ್ಯದ ವಿಷಯ ಬಿಡಿಸಿ ಹೇಳಬೇಕು, ಏಕೆಂದರೆ ಹರಿಹರದ ನಿವೃತ್ತ ಕಾರ್ಮಿಕರ ಮನೆಗಳಲ್ಲಿ ಇದನ್ನು ಕೇಳಿದಾಗ ಮುಖ ಮುಖ ನೋಡಿಕೊಂಡವರೇ ಹೆಚ್ಚು. ಇಎಸ್‌ಐ ಚಂದಾ ಕಟ್ಟಿ ಕನಿಷ್ಠ ಐದು ವರ್ಷ ವಿಮಾ ವ್ಯಾಪ್ತಿಯಲ್ಲಿ ದುಡಿದು ವಯೋನಿವೃತ್ತಿಯಾದವರು ವರ್ಷಕ್ಕೆ 120 ರೂಪಾಯಿ, ಅಂದರೆ ತಿಂಗಳಿಗೆ 10 ರೂಪಾಯಿ ಕಟ್ಟಿದರೆ ತಮಗೂ ತಮ್ಮ ಗಂಡ ಅಥವಾ ಹೆಂಡತಿಗೂ ಇಎಸ್‌ಐ ವೈದ್ಯಕೀಯ ಸೌಲಭ್ಯ ಮುಂದುವರಿಯುತ್ತದೆ. ದಾವಣಗೆರೆಯಲ್ಲಿ ಇಎಸ್‌ಐ ಆಸ್ಪತ್ರೆಯೂ ಇದೆ. ವರ್ಷಕ್ಕೆ 120 ರೂಪಾಯಿ! ಒಂದು ಹೊತ್ತಿನ ಬೆಣ್ಣೆ ದೋಸೆ, ಕಾಫಿಯ ದುಡ್ಡು. ಇದಕ್ಕೆ ಬೇಕಾದದ್ದು ಕೊನೆಯ ಕಾರ್ಖಾನೆಯಿಂದ ನಿವೃತ್ತಿಯ ದಾಖಲೆ, ಇಎಸ್‌ಐ ಸಂಖ್ಯೆ, ಒಂದು ಅರ್ಜಿ. ಕಾರ್ಖಾನೆ ನಡೆಯುತ್ತಿರುವಾಗ, ಬೀಳ್ಕೊಡುಗೆಯ ಶಾಲು ಹೊದಿಸುವ ದಿನವೇ ಆಫೀಸಿನವರು ಈ ಅರ್ಜಿಯನ್ನು ತುಂಬಿಸಿ ಕೊಟ್ಟಿದ್ದರೆ ಐದು ನಿಮಿಷದ ಕೆಲಸ. ಹತ್ತು ವರ್ಷ ಕಳೆದು, ಕಾರ್ಖಾನೆ ಮುಚ್ಚಿ, ಕಡತ ಹುಡುಕುವವರೇ ಇಲ್ಲದ ಮೇಲೆ ಅದೇ ಅರ್ಜಿ ಬೆಟ್ಟ ಹತ್ತಿದ ಹಾಗೆ. ಗುತ್ತಿಗೆದಾರರ ಕೈಕೆಳಗೆ ದುಡಿದವರದ್ದು ಇನ್ನೂ ಕಷ್ಟ. ಒಬ್ಬೊಬ್ಬರಿಗೆ ನಾಲ್ಕೈದು ಪಿ.ಎಫ್. ನಂಬರುಗಳು, ಒಂದಕ್ಕೊಂದು ಕೂಡಿಲ್ಲ; ಒಂದರಲ್ಲಿ ಹೆಸರು ಹನುಮಂತಪ್ಪ, ಇನ್ನೊಂದರಲ್ಲಿ ಹನಮಪ್ಪ. ಹತ್ತು ವರ್ಷ ದುಡಿದದ್ದು ನಿಜ, ಹತ್ತು ವರ್ಷ ಎಂದು ತೋರಿಸುವ ಒಂದು ಕಾಗದ ಇಲ್ಲ.

ಕಟ್ಟಡ ಕೆಲಸಕ್ಕೆ ಹೋದವರಿಗೆ ಕಲ್ಯಾಣ ಮಂಡಳಿಯಿಂದ 60ರ ನಂತರ ತಿಂಗಳಿಗೆ 3,000 ರೂಪಾಯಿ ಪಿಂಚಣಿ ಉಂಟು. ಆದರೆ ಅರವತ್ತಕ್ಕೆ ಮೊದಲೇ ನೋಂದಾಯಿಸಿ ಮೂರು ವರ್ಷ ಸದಸ್ಯರಾಗಿರಬೇಕು. ಅರವತ್ತೆರಡಕ್ಕೆ ವಿಷಯ ತಿಳಿದವರಿಗೆ ಅದು ತಿಳಿದೂ ಪ್ರಯೋಜನವಿಲ್ಲ. ಹಮಾಲಿಗೆ, ಭಟ್ಟಿಯ ಹೆಂಗಸಿಗೆ ಇಷ್ಟೂ ಇಲ್ಲ. ಅವರ ಪಾಲಿಗೆ ಇರುವುದು ತಾಲ್ಲೂಕು ಕಚೇರಿಯ ಪಿಂಚಣಿ ಒಂದೇ. ಅದನ್ನು ಅವರು ಪಿಂಚಣಿ ಎನ್ನುವುದೂ ಇಲ್ಲ, "ಸಂಬಳ" ಎನ್ನುತ್ತಾರೆ. "ಈ ತಿಂಗಳು ಸಂಬಳ ಬಂದಿಲ್ಲ" ಎನ್ನುವಾಗ ಆ ದನಿಯಲ್ಲಿ ಭಿಕ್ಷೆಯ ಛಾಯೆ ಇರುವುದಿಲ್ಲ, ದುಡಿದವರ ಹಕ್ಕು ಇರುತ್ತದೆ. ಆ ಪದವನ್ನು ನಾನು ತುಂಬ ಗೌರವದಿಂದ ಕೇಳುತ್ತೇನೆ.

ಇಷ್ಟೆಲ್ಲ ಇದ್ದೂ ತಲುಪುವುದಿಲ್ಲ ಏಕೆ? ಮೊದಲನೆಯದು, ಇದೆ ಎಂದೇ ಗೊತ್ತಿಲ್ಲ. 2017-18ರಲ್ಲಿ ದೇಶದಾದ್ಯಂತ 72,000ಕ್ಕೂ ಹೆಚ್ಚು ಮಂದಿಯನ್ನು ಮಾತಾಡಿಸಿದ, ಮುಪ್ಪಿನ ಕುರಿತ ಲಾಸಿ ಅಧ್ಯಯನದ ಪ್ರಕಾರ ಅರವತ್ತು ದಾಟಿದವರಲ್ಲಿ ಶೇ 55ರಷ್ಟು ಮಂದಿಗೆ ಮಾತ್ರ ಇಂದಿರಾ ಗಾಂಧಿ ವೃದ್ಧಾಪ್ಯ ವೇತನದ ಬಗ್ಗೆ ತಿಳಿದಿತ್ತು. ಹಿರಿಯ ನಾಗರಿಕರಿಗೆ ಸರ್ಕಾರ ಕೊಡುವ ರಿಯಾಯಿತಿಗಳು ಗೊತ್ತಿದ್ದದ್ದು ಶೇ 28ರಷ್ಟು ಜನಕ್ಕೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಅರವತ್ತು ದಾಟಿದವರು ಶೇ 9.5, ಸುಮಾರು 58 ಲಕ್ಷ. ಈಗ ಇನ್ನೂ ಹೆಚ್ಚಿದ್ದಾರೆ.

ಎರಡನೆಯದು ಕಾಗದದ ಕಷ್ಟ. ವಯಸ್ಸು ಆಧಾರ್‌ನಲ್ಲಿ ಒಂದು, ವೋಟರ್ ಕಾರ್ಡಿನಲ್ಲಿ ಒಂದು. ಹುಟ್ಟಿದ ದಿನ ಯಾವುದು ಎಂದರೆ "ಬರಗಾಲದ ವರ್ಷ, ಉಗಾದಿ ಮುಂದೆ" ಎನ್ನುವ ತಲೆಮಾರು ಇದು. ಬರೆದುಕೊಂಡವರು ಅಂದಾಜಿಗೆ ಜನವರಿ 1 ಎಂದು ಹಾಕಿದರು. ಆ ಅಂದಾಜಿನಲ್ಲಿ ಮೂರು ವರ್ಷ ಕಡಿಮೆಯಾದರೆ ಮೂರು ವರ್ಷದ ಸಂಬಳ ಹೋಯಿತು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಒಂದು ಮಾತಾದರೆ, ಸರ್ಕಾರದ ಹಣ ಯಾವ ಖಾತೆಗೆ ಬೀಳಬೇಕು ಎಂಬ ಜೋಡಣೆ ಬೇರೆಯೇ ಮಾತು. ಸ್ವಸಹಾಯ ಸಂಘಕ್ಕೆಂದು ಎರಡನೇ ಖಾತೆ ತೆರೆದ ಅಜ್ಜಿಯ ದುಡ್ಡು ಅದಕ್ಕೆ ಹೋಗಿ ಬೀಳುತ್ತಿರುತ್ತದೆ, ಆಕೆ ಹಳೆಯ ಪಾಸ್‌ಬುಕ್ ಹಿಡಿದು ಹಳೆಯ ಬ್ಯಾಂಕಿನ ಸಾಲಿನಲ್ಲಿ ನಿಂತಿರುತ್ತಾಳೆ. ಬೆರಳು ಬರದಿದ್ದರೆ ಕಣ್ಣಿನ ಪಾಪೆ ಹಿಡಿಯಬಹುದು ಎನ್ನುತ್ತಾರೆ. ಪೊರೆ ಬಂದ ಕಣ್ಣು ಅದಕ್ಕೂ ಸುಲಭಕ್ಕೆ ಒಗ್ಗುವುದಿಲ್ಲ. ಪಿ.ಎಫ್. ಪಿಂಚಣಿದಾರರ ಜೀವಿತ ಪ್ರಮಾಣಪತ್ರಕ್ಕೆ ಮುಖ ತೋರಿಸಿ ಗುರುತಿಸುವ ವ್ಯವಸ್ಥೆ 2022ರಿಂದ ಬಂದಿದೆ. ಅಂಚೆ ಪಾವತಿ ಬ್ಯಾಂಕಿನವರು ಮನೆಗೇ ಬಂದು ಅದನ್ನು ಮಾಡಿಕೊಡುತ್ತಾರೆ. ಇದು ನಿಜಕ್ಕೂ ಒಳ್ಳೆಯ ಕೆಲಸ. ಕರೆಸಿಕೊಳ್ಳಬಹುದು ಎಂದು ತಿಳಿಸುವವರು ಬೇಕು.

ಮೂರನೆಯದು ಮನೆಯೊಳಗಿನದು, ಹೇಳಲು ಕಷ್ಟದ್ದು. "ಮಗ ಇದ್ದಾನಲ್ಲಮ್ಮ" ಎಂಬ ಒಂದು ಮಾತಿಗೆ ಎಷ್ಟು ಅರ್ಜಿಗಳು ಮೇಜಿನ ಈಚೆಗೇ ಉಳಿದಿವೆಯೋ! ಸಂಧ್ಯಾ ಸುರಕ್ಷಾ ನಿಯಮ ಲೆಕ್ಕ ಹಿಡಿಯುವುದು ಅರ್ಜಿದಾರರ ಮತ್ತು ಅವರ ಸಂಗಾತಿಯ ಆದಾಯವನ್ನು. ಆದರೂ ಮಗನ ಹೆಸರು ಬಂದ ಕೂಡಲೆ ತಾಯಿ ತಾನೇ ಹಿಂದೆ ಸರಿಯುತ್ತಾಳೆ. ಮಗ ಬೆಂಗಳೂರಿನಲ್ಲಿ ಸೆಕ್ಯುರಿಟಿ ಕೆಲಸದಲ್ಲಿದ್ದು ತಿಂಗಳಿಗೆ ಏನೂ ಕಳಿಸುತ್ತಿಲ್ಲ ಎಂದು ನಾಲ್ಕು ಜನರ ಮುಂದೆ ಆಕೆ ಹೇಳಲಾರಳು. ಮಗನ ಮಾನ ಕಾಯಲು ತನ್ನ ಸಂಬಳ ಬಿಡುತ್ತಾಳೆ. ಮಗ ಊರಲ್ಲೇ ಇದ್ದರೂ, ತಾಯಿಯನ್ನು ಕಚೇರಿಗೆ ಕರೆತರುವ ದಿನ ಅವನ ಕೂಲಿ ಹೋಗುತ್ತದೆ. ಒಂದು ಸಲ ಬಂದು ಕೆಲಸ ಆಗದಿದ್ದರೆ ಎರಡನೇ ಸಲ ಅವನು ಬರುವುದಿಲ್ಲ. ಅದರಲ್ಲಿ ಅವನ ತಪ್ಪನ್ನು ಎಣಿಸಲು ನನಗೆ ಮನಸ್ಸು ಬರುವುದಿಲ್ಲ.

ಇಲ್ಲಿ ಪೋಸ್ಟ್‌ಮ್ಯಾನ್‌ನನ್ನು ನೆನೆಯದೆ ಮುಂದೆ ಹೋಗಲಾರೆ. ಕೆಲವೇ ವರ್ಷಗಳ ಹಿಂದಿನವರೆಗೂ ಬಹಳ ಮಂದಿ ಮುದುಕರಿಗೆ ಪಿಂಚಣಿ ಬರುತ್ತಿದ್ದದ್ದು ಮನಿಆರ್ಡರಿನಲ್ಲಿ. ತಿಂಗಳಿಗೊಮ್ಮೆ ಖಾಕಿ ಅಂಗಿಯವನು ಓಣಿಗೆ ಬರುತ್ತಿದ್ದ, ಕಟ್ಟೆಯ ಮೇಲೆ ಕುಳಿತು ಇಂಕ್ ಪ್ಯಾಡಿಗೆ ಹೆಬ್ಬೆರಳು ಒತ್ತಿಸುತ್ತಿದ್ದ, ಆ ಮಸಿಯನ್ನು ಅಜ್ಜಿ ಗೋಡೆಗೆ ತಿಕ್ಕುತ್ತಿದ್ದಳು. ಹತ್ತಿಪ್ಪತ್ತು ರೂಪಾಯಿ ಕೈಬಿಡುತ್ತಿತ್ತು, ಅದು ತಪ್ಪೇ. ಸೋರಿಕೆ ತಡೆಯಲು ಹಣವನ್ನು ನೇರ ಖಾತೆಗೆ ಹಾಕಿದ್ದೂ ಸರಿಯೇ. ಆದರೆ ಆ ಬದಲಾವಣೆಯಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಒಂದು ಸಂಗತಿ ಕಳೆದುಹೋಯಿತು. ಸರ್ಕಾರದ ಕಡೆಯ ಒಬ್ಬ ಮನುಷ್ಯ ಪ್ರತಿ ತಿಂಗಳು ಪ್ರತಿಯೊಬ್ಬ ಒಂಟಿ ಮುದುಕಿಯ ಮುಖ ನೋಡುತ್ತಿದ್ದ. ಹೋದ ತಿಂಗಳು ಎದ್ದು ಬರುತ್ತಿದ್ದವಳು ಈ ಸಲ ಮಲಗಿದ್ದಾಳೆ ಎಂದು ಅವನಿಗೆ ತಿಳಿಯುತ್ತಿತ್ತು. ಎದುರು ಮನೆಯವರಿಗೆ ಹೇಳಿ ಹೋಗುತ್ತಿದ್ದ. ಈಗ ದುಡ್ಡು ಖಾತೆಗೆ ಬೀಳುತ್ತದೆ, ಮುಖ ನೋಡುವವರು ಯಾರೂ ಇಲ್ಲ.

ಆ ಖಾಲಿ ಜಾಗ ಖಾಲಿಯಾಗಿ ಉಳಿಯಲಿಲ್ಲ. ಕಚೇರಿ ಗೇಟಿನ ಬಳಿ, ಜೆರಾಕ್ಸ್ ಅಂಗಡಿಯ ನೆರಳಿನಲ್ಲಿ ನಿಂತಿರುವ ದಲ್ಲಾಳಿ ಅದನ್ನು ತುಂಬಿದ. ಅವನ ಮೇಲೆ ಸಿಟ್ಟು ಮಾಡುವ ಮುನ್ನ ಅವನು ಏನು ಮಾಡುತ್ತಾನೆ ಎಂದು ನೋಡಬೇಕು. ಅಜ್ಜಿಯ ಮನೆಗೆ ಬರುತ್ತಾನೆ. ಆಟೊದಲ್ಲಿ ಕೂರಿಸಿಕೊಂಡು ಹೋಗುತ್ತಾನೆ. ಯಾವ ಕಿಟಕಿ, ಯಾವ ದಿನ, ಯಾವ ಫಾರಂ ಎಂದು ಅವನಿಗೆ ಗೊತ್ತು. ಡಾಕ್ಟರ ಹತ್ತಿರ ವಯಸ್ಸಿನ ಸರ್ಟಿಫಿಕೇಟ್ ಮಾಡಿಸಿಕೊಡುತ್ತಾನೆ. ಕೆಲಸ ಆಗುವವರೆಗೂ ಬಿಡುವುದಿಲ್ಲ. ಮೊದಲ ಕೆಲವು ತಿಂಗಳ ಸಂಬಳವನ್ನು ತಾನು ಇಟ್ಟುಕೊಳ್ಳುತ್ತಾನೆ. ಇದು ಸುಲಿಗೆ, ಅನುಮಾನವಿಲ್ಲ. ಆದರೆ ಅಜ್ಜಿ ದುಡ್ಡು ಕೊಡುತ್ತಿರುವುದು ಲಂಚಕ್ಕಲ್ಲ, ಜತೆಗೆ ಬಂದದ್ದಕ್ಕೆ. ಇಡೀ ವ್ಯವಸ್ಥೆಯಲ್ಲಿ ಆಕೆಯ ಜತೆ ನಡೆಯಲು ಸಿದ್ಧನಿದ್ದವನು ಅವನೊಬ್ಬನೇ. ದಲ್ಲಾಳಿಯನ್ನು ಓಡಿಸಲು ಪೊಲೀಸರು ಸಾಲುವುದಿಲ್ಲ. ಅವನು ಮಾಡುವ ಕೆಲಸವನ್ನು ಬಿಟ್ಟಿಯಾಗಿ, ಮರ್ಯಾದೆಯಿಂದ ಮಾಡುವ ಇನ್ನೊಬ್ಬರು ಅದೇ ಗೇಟಿನಲ್ಲಿ ನಿಲ್ಲಬೇಕು.

ಸರ್ಕಾರ ಪ್ರಯತ್ನಪಟ್ಟಿಲ್ಲ ಎಂದು ಹೇಳಿದರೆ ಅನ್ಯಾಯವಾದೀತು. ಊರೂರಿಗೆ ಸೇವೆ ಒಯ್ಯುವ ಗ್ರಾಮ ಒನ್ ಕೇಂದ್ರಗಳು 2020ರಲ್ಲಿ ಪ್ರಾಯೋಗಿಕವಾಗಿ ಮೊದಲು ಶುರುವಾದದ್ದು ದಾವಣಗೆರೆ ಜಿಲ್ಲೆಯಲ್ಲೇ. 2022ರಲ್ಲಿ 155245ಕ್ಕೆ ಕರೆ ಮಾಡಿದರೆ 72 ಗಂಟೆಯಲ್ಲಿ ಪಿಂಚಣಿ ಮಂಜೂರು ಎಂಬ ಯೋಜನೆ ಬಂತು. 2011ರ ಸಕಾಲ ಕಾಯ್ದೆಯ ಪ್ರಕಾರ ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಹಿರಿಯರ ಸಹಾಯವಾಣಿ 14567, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ. 70 ದಾಟಿದವರ ಮನೆಬಾಗಿಲಿಗೆ ಬ್ಯಾಂಕ್ ಸೇವೆ ಒಯ್ಯಬೇಕು ಎಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಸೂಚಿಸಿದೆ. ಎಲ್ಲವೂ ಚೆನ್ನ. ಎಲ್ಲದರಲ್ಲೂ ಒಂದು ಊಹೆ ಅಡಗಿದೆ: ಮುದುಕರ ಕೈಯಲ್ಲಿ ಫೋನ್ ಇದೆ, ಅವರಿಗೆ ಕಿವಿ ಕೇಳುತ್ತದೆ, ತಮಗೆ ಏನು ಬೇಕೆಂದು ಅವರು ಬಿಡಿಸಿ ಹೇಳಬಲ್ಲರು. ಮೂರೂ ಇದ್ದವರಿಗೆ ಈಗಲೂ ಸೌಲಭ್ಯ ತಲುಪುತ್ತಿದೆ. ಮೂರೂ ಇಲ್ಲದವರ ಮಾತನ್ನೇ ನಾವು ಆಡುತ್ತಿರುವುದು.

ಕಾನೂನಿನ ಬಾಗಿಲನ್ನೂ ನೋಡೋಣ. ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ 2007ರದು. ಮಕ್ಕಳು ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿಯ ಮುಂದೆ, ಜನ ಹೇಳುವಂತೆ ಎ.ಸಿ. ಕೋರ್ಟಿನಲ್ಲಿ, ಒಂದು ಬಿಳಿ ಹಾಳೆಯ ಅರ್ಜಿ ಕೊಡಬಹುದು. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸುವ ಅಧಿಕಾರ ಅವರಿಗಿದೆ, 90 ದಿನದಲ್ಲಿ ತೀರ್ಮಾನಿಸಬೇಕು. ಮಕ್ಕಳಿಲ್ಲದವರು ತಮ್ಮ ಆಸ್ತಿಗೆ ಬಾಧ್ಯರಾಗುವ ಸಂಬಂಧಿಕರಿಂದ ಕೇಳಬಹುದು. ನೋಡಿಕೊಳ್ಳುತ್ತೇನೆಂದು ಮನೆ ಬರೆಸಿಕೊಂಡು ಆಮೇಲೆ ಹೊರಗೆ ಹಾಕಿದರೆ, 23ನೇ ಕಲಮಿನಡಿ ಆ ದಾನಪತ್ರವನ್ನೇ ರದ್ದು ಮಾಡಿಸಬಹುದು. ನೋಡಿಕೊಳ್ಳಬೇಕೆಂಬ ಷರತ್ತು ಇರಲೇಬೇಕು ಎಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರ್‌ನಲ್ಲಿ ಹೇಳಿತ್ತು. 2025ರ ಜನವರಿಯ ಇನ್ನೊಂದು ತೀರ್ಪಿನಲ್ಲಿ, ಹಿರಿಯರ ರಕ್ಷಣೆಗೆಂದೇ ಮಾಡಿದ ಕಾಯ್ದೆಯನ್ನು ಉದಾರವಾಗಿ ಓದಬೇಕು ಎಂದಿತು. ಹಾಗಾಗಿ ಈಗ ಮನೆ ಬರೆದುಕೊಡುವ ಹಿರಿಯರಿಗೆ ನಾನು ಹೇಳುವುದು ಇಷ್ಟೇ: "ನನ್ನನ್ನು ಸಾಯುವತನಕ ನೋಡಿಕೊಳ್ಳಬೇಕು" ಎಂಬ ಒಂದು ಸಾಲನ್ನು ಪತ್ರದಲ್ಲಿ ಹಾಕಿಸಿ. ನಾಚಿಕೆ ಬೇಡ. ಪತ್ರ ಬರೆಯುವವರು "ಅದ್ಯಾಕಜ್ಜಿ, ಸ್ವಂತ ಮಗನಲ್ಲವಾ" ಅಂದರೂ ಹಾಕಿಸಿ.

ಅದೇ ಕಾಯ್ದೆಯ ಹಿಂಬದಿಯಲ್ಲಿ ಹೆಚ್ಚು ಚರ್ಚೆಯಾಗದ ಭಾಗಗಳಿವೆ. ಪ್ರತಿ ಜಿಲ್ಲೆಯಲ್ಲೂ ನಿರ್ಗತಿಕ ಹಿರಿಯರಿಗೆ ಕನಿಷ್ಠ 150 ಮಂದಿ ಇರಬಹುದಾದ ವೃದ್ಧಾಶ್ರಮ ಸ್ಥಾಪಿಸಬಹುದು ಎಂದು 19ನೇ ಕಲಂ ಹೇಳುತ್ತದೆ. ಸ್ಥಾಪಿಸಲೇಬೇಕು ಎನ್ನುವುದಿಲ್ಲ. ಆ ಒಂದು ಕ್ರಿಯಾಪದದಲ್ಲಿ ಎಷ್ಟೋ ಮುದುಕರ ರಾತ್ರಿಗಳು ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕಳೆಯುತ್ತಿವೆ. ದಾವಣಗೆರೆ ದಾನಕ್ಕೆ ಹಿಂದೆ ಬಿದ್ದ ಊರಲ್ಲ. ರಾಜನಹಳ್ಳಿ ಹನುಮಂತಪ್ಪನವರ ಛತ್ರ, ಚಿಗಟೇರಿಯವರ ಹೆಸರಿನ ಜಿಲ್ಲಾ ಆಸ್ಪತ್ರೆ ಇಲ್ಲಿನ ವ್ಯಾಪಾರಸ್ಥರ ದೊಡ್ಡ ಕೈಯನ್ನು ಈಗಲೂ ನೆನಪಿಸುತ್ತವೆ. ಹಸಿದವರಿಗೆ, ದಾರಿಹೋಕರಿಗೆ, ರೋಗಿಗಳಿಗೆ ಕೊಟ್ಟ ಆ ಕೈ ಮುಪ್ಪಿಗೂ ಚಾಚಬಹುದು.

ಆರೈಕೆಯ ಮಾತು ಪಿಂಚಣಿಗಿಂತ ಆಳದ್ದು. ದುಡ್ಡು ಬಂದರೂ ಹಾಸಿಗೆ ಹಿಡಿದವರನ್ನು ಹೊರಳಿಸಿ ಮಲಗಿಸುವವರು ಯಾರು? 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ 70 ದಾಟಿದ ಎಲ್ಲರಿಗೂ ಆದಾಯ ಕೇಳದೆ 5 ಲಕ್ಷ ರೂಪಾಯಿವರೆಗಿನ ಆಯುಷ್ಮಾನ್ ವಿಮೆ ಘೋಷಿಸಿತು. ಆ ಬಗೆಯ ವಿಮೆ ಆಸ್ಪತ್ರೆಗೆ ಸೇರಿದವರಿಗೆ. ಚಿಗಟೇರಿ ಆಸ್ಪತ್ರೆಯಲ್ಲೋ ಬಾಪೂಜಿ ಆಸ್ಪತ್ರೆಯಲ್ಲೋ ಸೊಂಟದ ಮೂಳೆಗೆ ಆಪರೇಷನ್ ಆಗುತ್ತದೆ, ಹತ್ತನೇ ದಿನ ಮನೆಗೆ ಕಳಿಸುತ್ತಾರೆ. ಹನ್ನೊಂದನೇ ದಿನದಿಂದ ಮುಂದಿನದ್ದಕ್ಕೆ ಯಾವ ಕಾರ್ಡೂ ಇಲ್ಲ. ಬೆನ್ನಿನ ಹುಣ್ಣು ತೊಳೆಯಬೇಕು, ಮೂತ್ರದ ಚೀಲ ಬದಲಿಸಬೇಕು, ಗಂಜಿ ಕುಡಿಸಬೇಕು. ಇದನ್ನೆಲ್ಲ ಮಾಡುತ್ತಿರುವುದು ಸೊಸೆ, ಮಗಳು, ಕೆಲವು ಕಡೆ ಎಪ್ಪತ್ತೆಂಟರ ಗಂಡನಿಗೆ ಎಪ್ಪತ್ತರ ಹೆಂಡತಿ. ಅರವತ್ತು ದಾಟಿದವರಲ್ಲಿ ಶೇ 7.4ರಷ್ಟು ಮಂದಿಗೆ ಮರೆಗುಳಿ ರೋಗ ಇದೆ ಎಂದು 2023ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿತು, ದೇಶದಲ್ಲಿ ಸುಮಾರು 88 ಲಕ್ಷ ಜನ. ನಮ್ಮ ಓಣಿಗಳಲ್ಲಿ ಅದನ್ನು "ಅರಳುಮರಳು" ಎಂದು ಬಿಟ್ಟುಬಿಡುತ್ತೇವೆ. ಮಧ್ಯರಾತ್ರಿ ಎದ್ದು ಮುಚ್ಚಿದ ಕಾರ್ಖಾನೆಯ ಪಾಳಿಗೆ ಹೊರಟು ನಿಲ್ಲುವ ಹಳೆಯ ಕಾರ್ಮಿಕನಿಗೆ ಔಷಧೋಪಚಾರ ಉಂಟು ಎಂದು ಆ ಮನೆಯವರಿಗೆ ಯಾರಾದರೂ ಹೇಳಬೇಕು.

ಜತೆಗೆ ಬರುವವರು ಬೇಕು ಎಂಬುದನ್ನು ಬೇರೆ ದೇಶಗಳು ಹೇಗೆ ಕಂಡುಕೊಂಡವು? ಆಸ್ಟ್ರೇಲಿಯಾದಲ್ಲಿ ಹಿರಿಯರ ಆರೈಕೆಗೆ ಒಂದೇ ವೆಬ್‌ಸೈಟು, ಒಂದೇ ಫೋನ್ ನಂಬರು ಮಾಡಿದರು. ಯಾರಿಗೆ ಎಲ್ಲರಿಗಿಂತ ಹೆಚ್ಚು ಅಗತ್ಯವೋ ಅವರೇ ಆ ಬಾಗಿಲು ದಾಟಲಾಗದೆ ಉಳಿದರು. 2018ರಲ್ಲಿ ನೇಮಕವಾದ ರಾಯಲ್ ಕಮಿಷನ್ 2021ರ ವರದಿಯಲ್ಲಿ ಇದನ್ನು ಬಿಡಿಸಿ ಹೇಳಿದ ಮೇಲೆ, 2023ರ ಜನವರಿಯಿಂದ "ಕೇರ್ ಫೈಂಡರ್" ಎಂಬ ಹೆಸರಿನಲ್ಲಿ, ಹಿಂದೆಮುಂದೆ ಯಾರೂ ಇಲ್ಲದ ಹಿರಿಯರನ್ನು ಎದುರಾಬದುರು ಕಂಡು, ಅರ್ಜಿಯಿಂದ ಸೇವೆ ಸಿಗುವವರೆಗೂ ಜತೆಗಿರುವವರನ್ನು ನೇಮಿಸಿದರು. ಜಪಾನ್ 2000ರಲ್ಲಿ ದೀರ್ಘಕಾಲದ ಆರೈಕೆಯ ವಿಮೆ ತಂದಾಗಲೇ ಯೋಜನೆ ಹಾಕಿಕೊಡುವ ಕೇರ್ ಮ್ಯಾನೇಜರ್‌ಗಳನ್ನೂ ತಂದಿತು. ಅಷ್ಟು ದೂರ ಏಕೆ, ನಮ್ಮ ನೆರೆಯ ಕೇರಳದಲ್ಲಿ 1993ರಲ್ಲಿ ಕೋಯಿಕ್ಕೋಡಿನಲ್ಲಿ ಮೊಳೆತ ಉಪಶಾಮಕ ಆರೈಕೆಯ ಚಳವಳಿ ಓಣಿಯ ಜನರನ್ನೇ ತರಬೇತು ಮಾಡಿ ಮನೆಮನೆಗೆ ಕಳಿಸಿತು. 2008ರಲ್ಲಿ ಅದು ಸರ್ಕಾರದ ನೀತಿಯಾಯಿತು. ಆಟೊದವರು, ಮೇಷ್ಟ್ರುಗಳು, ಕಾಲೇಜಿನ ಹುಡುಗರು ನರ್ಸಿನ ಜತೆ ಹಾಸಿಗೆ ಹಿಡಿದವರ ಮನೆಗೆ ಹೋಗುತ್ತಾರೆ. ದುಡ್ಡಿಗಿಂತ ಮುಂಚೆ ಅಲ್ಲಿ ಜನ ಬಂದರು.

ನಮ್ಮಲ್ಲಿ ಜನ ಇಲ್ಲವೇ? 2023ರ ಮೇ ತಿಂಗಳ ವಿಧಾನಸಭಾ ಚುನಾವಣೆಯನ್ನು ನೆನಪಿಸಿಕೊಳ್ಳಿ. 80 ದಾಟಿದವರು ಮನೆಯಿಂದಲೇ ಮತ ಹಾಕಬಹುದು ಎಂದರು. ಮತಗಟ್ಟೆ ಅಧಿಕಾರಿಗಳು ಪಟ್ಟಿ ಹಿಡಿದು ಓಣಿ ಓಣಿ ಸುತ್ತಿ, 12ಡಿ ಫಾರಂ ತುಂಬಿಸಿ, ಆಮೇಲೆ ಪೆಟ್ಟಿಗೆ ಸಮೇತ ಬಂದು, ಮಂಚದ ಪಕ್ಕದಲ್ಲೇ ಮರೆ ಕಟ್ಟಿ ಮತ ಹಾಕಿಸಿಕೊಂಡು ಹೋದರು. ವಿಡಿಯೊ ಕೂಡ ತೆಗೆದರು. ಅಂದರೆ ಯಾವ ಮನೆಯಲ್ಲಿ ಯಾವ ಅಜ್ಜ ಎದ್ದು ಓಡಾಡಲಾರ ಎಂಬುದು ಈ ರಾಜ್ಯಕ್ಕೆ ಗೊತ್ತಿದೆ, ಅವನ ಬಳಿಗೆ ಹೋಗುವ ದಾರಿಯೂ ಗೊತ್ತಿದೆ. ಒಂದು ವೋಟಿಗಾಗಿ ನಡೆದ ಅದೇ ಹೆಜ್ಜೆಗಳು ವರ್ಷಕ್ಕೊಮ್ಮೆ ಅವನ ಸಂಬಳಕ್ಕಾಗಿ, ಔಷಧಿಗಾಗಿ ನಡೆದರೆ ಸಾಕು.

ಆಶಾ ಕಾರ್ಯಕರ್ತೆಯರು ಹೇಗೂ ಮನೆಮನೆಗೆ ಹೋಗುತ್ತಾರೆ. 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಬಿ.ಪಿ., ಶುಗರ್ ನೋಡಲು ಮನೆಗೆ ಹೋಗುವ ಕೆಲಸವಿದೆ. ಆದರೆ ಅವರ ತಲೆಯ ಮೇಲೆ ಇನ್ನೊಂದು ಹೊರೆ ಹೊರಿಸಿ ಗೌರವಧನ ಅಷ್ಟೇ ಇಟ್ಟರೆ ಅದು ಒಬ್ಬ ಬಡ ಹೆಂಗಸಿನ ಹೆಗಲಿನಿಂದ ಇನ್ನೊಬ್ಬ ಬಡ ಹೆಂಗಸಿನ ಹೆಗಲಿಗೆ ದಾಟಿಸಿದಂತೆ. ಅಂಗವಿಕಲರಿಗಾಗಿ ಗ್ರಾಮೀಣ ಮತ್ತು ನಗರ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಹಿರಿಯ ನಾಗರಿಕರದ್ದೂ ಅಂಗವಿಕಲರದ್ದೂ ಒಂದೇ ಇಲಾಖೆ, ಆದರೆ ಹಿರಿಯರಿಗೆ ಅಂಥ ಕಾಲಾಳುಗಳಿಲ್ಲ. ಪ್ರತಿ ವಾರ್ಡಿಗೆ ಒಬ್ಬರು, ನ್ಯಾಯವಾದ ಸಂಬಳದ ಮೇಲೆ, ಆ ವಾರ್ಡಿನವರೇ, ಹೆಂಗಸರಾದರೆ ಇನ್ನೂ ಒಳ್ಳೆಯದು. ಅವರ ಕೈಯಲ್ಲಿ ಒಂದು ನೋಟ್‌ಬುಕ್: ಒಂಟಿ ಇರುವವರು ಯಾರು, ಬೆರಳು ಬಾರದವರು ಯಾರು, ಮೂರು ತಿಂಗಳಿಂದ ಸಂಬಳ ನಿಂತವರು ಯಾರು, ಹಾಸಿಗೆ ಹಿಡಿದವರು ಯಾರು. ಕಾರ್ಖಾನೆಗಳ ಪಾಲು ಬೇರೆ. ಕರೂರಿನ, ಹರಿಹರದ ಯಾವ ಮಾಲೀಕರೇ ಆಗಲಿ, ಕಾರ್ಮಿಕ ಸಂಘವೇ ಆಗಲಿ, ಐವತ್ತೈದು ದಾಟಿದ ಕಾರ್ಮಿಕರನ್ನು ವರ್ಷಕ್ಕೊಂದು ದಿನ ಕೂರಿಸಿಕೊಂಡು ಪಿ.ಎಫ್. ನಂಬರು ಕೂಡಿಸಿ, ಹೆಸರು ಸರಿಮಾಡಿಸಿ, ಇಎಸ್‌ಐ ಅರ್ಜಿ ತುಂಬಿಸಿದರೆ ಮುಂದಿನ ಇಪ್ಪತ್ತು ವರ್ಷದ ಅಲೆದಾಟ ತಪ್ಪುತ್ತದೆ.

ಆ ಅಜ್ಜಿಯ ಜತೆ ನಾನು ನಾಲ್ಕು ದಿನ ಓಡಾಡಿದೆ. ಆಧಾರ್ ಕೇಂದ್ರ, ಬ್ಯಾಂಕು, ತಾಲ್ಲೂಕು ಕಚೇರಿ, ಮತ್ತೆ ಬ್ಯಾಂಕು. ಬೆರಳು ಕೊನೆಗೂ ಬರಲಿಲ್ಲ, ಒಂದು ಕಣ್ಣು ಬಂತು. ನಾಲ್ಕನೇ ದಿನ ಸಂಜೆ ಸ್ವೀಕೃತಿ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಎಲೆ ಅಡಿಕೆ ಸಂಚಿಯ ಒಳ ಅರೆಗೆ ಸೇರಿಸಿದರು. ಬಸ್ಸಿಗೆ ಕಾಯುತ್ತಾ ಕೂತಿದ್ದಾಗ ಒಂದಷ್ಟು ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು: "ನಮ್ ಭಟ್ಟಿ ಓಣ್ಯಾಗೆ ನನ್ ಜತಿಗಾರ್ತಿ ಒಬ್ಬಾಕಿ ಅದಾಳ್ರಿ. ಎರಡ್ ವರ್ಷ ಆತು, ಮಂಚ ಬಿಟ್ಟು ಎದ್ದಿಲ್ಲ. ಆಕಿ ಕಣ್ಣು ಯಾರ್ ತಗಂಡು ಬರ್ತಾರೆ?"